ಮುನ್ನ, ನಡುವೆ, ನಂತರ: ಗರ್ಭಿಣಿಯ ರಕ್ತದ ಸಕ್ಕರೆ ಮತ್ತು ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಆರೋಗ್ಯ ಅರಿವು ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸಿದೆ. ಅವುಗಳಲ್ಲಿ 23ನೆಯದು ಆರೋಗ್ಯ ಮತ್ತು ನೈರ್ಮಲ್ಯ, 24ನೆಯದು ಕುಟುಂಬ ಕಲ್ಯಾಣ, 25ನೆಯದು ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ. ರಸ್ತೆ, ಚರಂಡಿ, ಬೀದಿದೀಪ, ಕುಡಿಯುವ ನೀರು ಸಭೆಯ ನಡಾವಳಿಯಲ್ಲಿ ಪ್ರತಿ ತಿಂಗಳೂ ಬರುತ್ತವೆ. ಈ ಮೂರು ವಿಷಯಗಳು ಒಂದೆಡೆ ಸೇರುವ ಸ್ಥಳ, ಅಂದರೆ ಗರ್ಭಿಣಿಯ ಆರೋಗ್ಯ, ನಡಾವಳಿಯಲ್ಲಿ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ. ಆ ಸಾಲುಗಳಲ್ಲಿಯೂ ರಕ್ತಹೀನತೆ, ಆಂಬುಲೆನ್ಸ್, ಪ್ರೋತ್ಸಾಹಧನಗಳ ಮಾತು ಇರುತ್ತದೆಯೇ ಹೊರತು ರಕ್ತದ ಸಕ್ಕರೆಯ ಮಾತು ಅಪರೂಪ. ಮಧುಮೇಹವೆಂದರೆ ಐವತ್ತು ದಾಟಿದವರ ಮತ್ತು ಪಟ್ಟಣವಾಸಿಗಳ ಕಾಯಿಲೆ ಎಂಬ ಭಾವನೆ ಇದಕ್ಕೆ ಕಾರಣ. ಹೊಲದಲ್ಲಿ ದುಡಿಯುವ ಇಪ್ಪತ್ತೈದರ ಗರ್ಭಿಣಿಗೂ ಸಕ್ಕರೆ ಏರಬಹುದು. ಏರಿದಾಗ ಅದರ ಭಾರ ಇಬ್ಬರ ಮೇಲೆ ಬೀಳುತ್ತದೆ.

ಚಿಕಿತ್ಸೆ ವೈದ್ಯರ ಕೆಲಸ. ಆದರೆ ಚಿಕಿತ್ಸೆಯ ಕೊಂಡಿಗಳು ಕಳಚದಂತೆ ನೋಡಿಕೊಳ್ಳುವ ಕೆಲಸದಲ್ಲಿ ಊರಿನ ಪಾಲು ದೊಡ್ಡದು. ನೀರಿನ ಕೊಳವೆ ಮಾರ್ಗವನ್ನು ನೋಡಿಕೊಂಡವರಿಗೆಲ್ಲ ತಿಳಿದಿರುವ ಸಂಗತಿ ಒಂದಿದೆ: ಸೋರಿಕೆ ಬಹುಮಟ್ಟಿಗೆ ಕಾಣಿಸಿಕೊಳ್ಳುವುದು ಎರಡು ಕೊಳವೆ ಕೂಡುವ ಕಡೆ. ಗರ್ಭಿಣಿಯ ಮಧುಮೇಹದ ಆರೈಕೆಯೂ ಹಾಗೆಯೇ. ಮದುವೆ ಮತ್ತು ಗರ್ಭಧಾರಣೆಯ ನಡುವೆ, ಮೊದಲ ಪರೀಕ್ಷೆ ಮತ್ತು ಎರಡನೆಯ ಪರೀಕ್ಷೆಯ ನಡುವೆ, ಗಂಡನ ಮನೆ ಮತ್ತು ತವರಿನ ನಡುವೆ, ಹೆರಿಗೆ ಮತ್ತು ನಂತರದ ಬದುಕಿನ ನಡುವೆ ಅದು ಕೈತಪ್ಪುತ್ತದೆ. ಈ ನಾಲ್ಕು ಸಂದುಗಳನ್ನು ಗುರುತಿಸುವುದೇ ಈ ಉಪನ್ಯಾಸದ ಉದ್ದೇಶ.

1. ಗರ್ಭದಲ್ಲಿ ಸಕ್ಕರೆ ಏಕೆ ಏರುತ್ತದೆ

ಉಂಡ ಅನ್ನ, ಮುದ್ದೆ, ರೊಟ್ಟಿಗಳು ದೇಹದಲ್ಲಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ಅದನ್ನು ರಕ್ತದಿಂದ ಜೀವಕೋಶಗಳೊಳಕ್ಕೆ ಸೇರಿಸುವುದು ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್. ಗರ್ಭ ಬೆಳೆದಂತೆ ಮಾಸು, ಅಂದರೆ ಕಸ, ಸ್ರವಿಸುವ ಹಾರ್ಮೋನುಗಳು ಇನ್ಸುಲಿನ್ನಿನ ಶಕ್ತಿಯನ್ನು ಕುಗ್ಗಿಸುತ್ತವೆ. ಹೆಚ್ಚಿನ ತಾಯಂದಿರ ದೇಹವು ಹೆಚ್ಚು ಇನ್ಸುಲಿನ್ ತಯಾರಿಸಿ ಸರಿದೂಗಿಸಿಕೊಳ್ಳುತ್ತದೆ. ಅದು ಸಾಧ್ಯವಾಗದವರಲ್ಲಿ ಸಕ್ಕರೆ ಏರುತ್ತದೆ. ಇದೇ ಗರ್ಭಾವಧಿಯ ಮಧುಮೇಹ. ಗರ್ಭಧಾರಣೆಗೆ ಮೊದಲೇ ಟೈಪ್ 1 ಅಥವಾ ಟೈಪ್ 2 ಮಧುಮೇಹವಿದ್ದು ಗರ್ಭಿಣಿಯಾದವರು ಇನ್ನೊಂದು ಗುಂಪು. ಇವರಲ್ಲಿ ಅಪಾಯ ಮೊದಲ ವಾರದಿಂದಲೇ ಇರುತ್ತದೆ.

ತಾಯಿಯ ಸಕ್ಕರೆ ಮಾಸಿನ ಮೂಲಕ ಮಗುವಿಗೆ ಹರಿಯುತ್ತದೆ. ತಾಯಿಯ ಇನ್ಸುಲಿನ್ ಹರಿಯುವುದಿಲ್ಲ. ಹೀಗಾಗಿ ಮಗು ತಾನೇ ಹೆಚ್ಚು ಇನ್ಸುಲಿನ್ ತಯಾರಿಸಬೇಕಾಗುತ್ತದೆ. ಆ ಇನ್ಸುಲಿನ್ ಮಗುವಿನ ಮೈಯಲ್ಲಿ ಕೊಬ್ಬನ್ನು ಬೆಳೆಸುತ್ತದೆ. ದೊಡ್ಡ ಮಗುವಿನ ಭುಜ ಹೆರಿಗೆಯಲ್ಲಿ ಸಿಕ್ಕಿಕೊಳ್ಳಬಹುದು, ಶಸ್ತ್ರಚಿಕಿತ್ಸೆ ಬೇಕಾಗಬಹುದು, ತಾಯಿಗೆ ರಕ್ತದೊತ್ತಡ ಏರಬಹುದು. ಹತೋಟಿ ತೀರ ತಪ್ಪಿದಲ್ಲಿ ಮಗು ಗರ್ಭದಲ್ಲಿಯೇ ತೀರಿಹೋಗುವ ಸಂಭವವೂ ಉಂಟು. ‘ದುಂಡಗಿನ ಮಗು’ ಎಂದು ಸಂತೋಷಪಡುವ ಮನೆಗಳಲ್ಲಿ ತಾಯಿಯ ಸಕ್ಕರೆಯನ್ನು ಒಮ್ಮೆಯಾದರೂ ವಿಚಾರಿಸಬೇಕಾದುದು ಇದರಿಂದಾಗಿ.

2. ಮೊದಲ ಸಂದು: ಗರ್ಭಧಾರಣೆಗೆ ಮುನ್ನ

ಮಗುವಿನ ಹೃದಯ, ಮೆದುಳು, ಬೆನ್ನುಹುರಿಗಳು ಮೊದಲ ಎಂಟು ವಾರಗಳಲ್ಲಿಯೇ ರೂಪುಗೊಳ್ಳುತ್ತವೆ. ಮುಟ್ಟು ನಿಂತು, ಗರ್ಭ ಖಚಿತವಾಗಿ, ತಾಯಿ ಕಾರ್ಡ್ ಕೈಗೆ ಬರುವಷ್ಟರಲ್ಲಿ ಈ ಅವಧಿಯ ಬಹುಪಾಲು ಕಳೆದಿರುತ್ತದೆ. ಆ ವಾರಗಳಲ್ಲಿ ಸಕ್ಕರೆ ಹೆಚ್ಚಿದ್ದರೆ ಗರ್ಭಪಾತದ ಮತ್ತು ಅಂಗವೈಕಲ್ಯದ ಸಾಧ್ಯತೆ ಹೆಚ್ಚುತ್ತದೆ. ಆದುದರಿಂದ ಮಧುಮೇಹವಿರುವ ಹೆಣ್ಣುಮಗಳು ಗರ್ಭ ಧರಿಸುವ ಮೊದಲೇ ವೈದ್ಯರನ್ನು ಕಾಣಬೇಕು. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯ ಫಲಿತಾಂಶವು, ಸಕ್ಕರೆ ಅತಿಯಾಗಿ ಇಳಿಯುವ ತೊಂದರೆಯಿಲ್ಲದೆ ಸಾಧ್ಯವಾದರೆ, ಶೇಕಡ 6.5ರೊಳಗೆ ಇರುವುದು ಒಳಿತು. ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಧಾರಣೆಗೆ ಮೊದಲೇ ವೈದ್ಯರು ಹೇಳಿದ ಪ್ರಮಾಣದಲ್ಲಿ ಆರಂಭಿಸಬೇಕು. ಕಣ್ಣು ಮತ್ತು ಮೂತ್ರಪಿಂಡಗಳ ತಪಾಸಣೆಯಾಗಬೇಕು. ರಕ್ತದೊತ್ತಡ ಹಾಗೂ ಕೊಲೆಸ್ಟ್ರಾಲ್‌ಗೆ ಕೊಡುವ ಕೆಲವು ಮಾತ್ರೆಗಳು ಗರ್ಭಕ್ಕೆ ಹಾನಿ ಮಾಡುವುದರಿಂದ ಅವುಗಳನ್ನು ವೈದ್ಯರೇ ಬದಲಾಯಿಸಬೇಕು.

ಇಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಹಳ್ಳಿಗಳಲ್ಲಿ ನಡೆಯುವ ಮಧುಮೇಹ ಮತ್ತು ರಕ್ತದೊತ್ತಡದ ಸಾಮಾನ್ಯ ತಪಾಸಣೆ 30 ವರ್ಷ ಮೇಲ್ಪಟ್ಟವರನ್ನು ಗುರಿಯಾಗಿಟ್ಟುಕೊಂಡಿದೆ. ಹಳ್ಳಿಯ ಹೆಣ್ಣುಮಕ್ಕಳಲ್ಲಿ ಅನೇಕರು ಆ ವಯಸ್ಸಿಗೆ ಬರುವ ಮೊದಲೇ ತಾಯಂದಿರಾಗಿರುತ್ತಾರೆ. ಹಾಗಾಗಿ ತಂದೆತಾಯಿಗೆ ಮಧುಮೇಹವಿರುವ, ತೂಕ ಹೆಚ್ಚಿರುವ, ಹಿಂದಿನ ಹೆರಿಗೆಯಲ್ಲಿ ಸಕ್ಕರೆ ಕಾಣಿಸಿಕೊಂಡಿದ್ದ ಅಥವಾ ಮಗು ಕಾರಣ ತಿಳಿಯದೆ ತೀರಿಕೊಂಡಿದ್ದ ಹೆಣ್ಣುಮಕ್ಕಳು ವಯಸ್ಸಿಗೆ ಕಾಯದೆ ಪರೀಕ್ಷೆ ಮಾಡಿಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರು ತಿಳಿಹೇಳುವುದು ಅವಶ್ಯ.

ಇದಕ್ಕಿಂತ ಸೂಕ್ಷ್ಮವಾದ ಮಾತು ಇನ್ನೊಂದಿದೆ. ಚಿಕ್ಕಂದಿನಿಂದ ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ಹುಡುಗಿಯ ಕಾಯಿಲೆಯನ್ನು ಮದುವೆ ಮುರಿದೀತೆಂಬ ಭಯದಿಂದ ಮುಚ್ಚಿಡುವ ಮನೆಗಳಿವೆ. ಗಂಡನ ಮನೆಯಲ್ಲಿ ಆಕೆ ಕದ್ದುಮುಚ್ಚಿ ಚುಚ್ಚಿಕೊಳ್ಳಬೇಕಾಗುತ್ತದೆ, ಇಲ್ಲವೇ ಬಿಟ್ಟುಬಿಡಬೇಕಾಗುತ್ತದೆ. ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ಬಿಡುವುದು ಪ್ರಾಣಕ್ಕೇ ಎರವು. ಮಧುಮೇಹವಿರುವ ಹೆಣ್ಣು ಸೂಕ್ತ ಆರೈಕೆಯಲ್ಲಿ ಆರೋಗ್ಯವಂತ ಮಗುವನ್ನು ಹೆರಬಲ್ಲಳು ಎಂಬ ತಿಳಿವಳಿಕೆ ಊರಿನಲ್ಲಿ ಹರಡಿದಷ್ಟೂ ಮುಚ್ಚಿಡುವ ಅಗತ್ಯ ಕಡಿಮೆಯಾಗುತ್ತದೆ. ಊರಿನ ಹಿರಿಯರೆನಿಸಿಕೊಂಡ ಸದಸ್ಯರ ಮಾತಿಗೆ ಇಲ್ಲಿ ಔಷಧದಷ್ಟೇ ಬೆಲೆಯಿದೆ.

3. ಎರಡನೆಯ ಸಂದು: ಎರಡು ಪರೀಕ್ಷೆಗಳ ನಡುವೆ

ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯಂತೆ ಪ್ರತಿ ಗರ್ಭಿಣಿಗೂ ಎರಡು ಬಾರಿ ಸಕ್ಕರೆಯ ಪರೀಕ್ಷೆ ಆಗಬೇಕು: ಮೊದಲ ತಪಾಸಣೆಯಲ್ಲಿ ಒಮ್ಮೆ; ಅದು ಸರಿಯಿದ್ದರೆ 24ರಿಂದ 28ನೆಯ ವಾರದೊಳಗೆ ಮತ್ತೊಮ್ಮೆ. ವಿಧಾನ ಸರಳ. 75 ಗ್ರಾಂ ಗ್ಲೂಕೋಸನ್ನು ಸುಮಾರು 300 ಮಿಲಿಲೀಟರ್ ನೀರಿನಲ್ಲಿ ಕದಡಿ ಐದರಿಂದ ಹತ್ತು ನಿಮಿಷದಲ್ಲಿ ಕುಡಿಯಬೇಕು. ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸಿದಾಗ ಪ್ರತಿ ಡೆಸಿಲೀಟರಿಗೆ 140 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ ಗರ್ಭಾವಧಿಯ ಮಧುಮೇಹವೆಂದು ಪರಿಗಣಿಸಲಾಗುತ್ತದೆ. ಉಪವಾಸ ಬರಬೇಕೆಂಬ ನಿಯಮವಿಲ್ಲ. ಮುಂಜಾನೆಯ ಬಸ್ಸಿಗೆ ಬರಿಹೊಟ್ಟೆಯಲ್ಲಿ ಬರಲಾಗದ ಹಳ್ಳಿಯ ಗರ್ಭಿಣಿಗೆ ಇದು ದೊಡ್ಡ ಅನುಕೂಲ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಪರೀಕ್ಷೆಯನ್ನು ಮರುದಿನ ಮಾಡಬೇಕು.

ಎರಡನೆಯ ಪರೀಕ್ಷೆ ಏಕೆ ಬೇಕು? ಮಾಸಿನ ಹಾರ್ಮೋನುಗಳ ಪ್ರಭಾವ ಆರನೆಯ ತಿಂಗಳ ಹೊತ್ತಿಗೆ ಬಲಗೊಳ್ಳುತ್ತದೆ. ಮೂರನೆಯ ತಿಂಗಳಲ್ಲಿ ಸರಿಯಿದ್ದ ಸಕ್ಕರೆ ಏಳನೆಯ ತಿಂಗಳಲ್ಲಿ ಏರಿರಬಹುದು. ಟ್ಯಾಂಕಿನ ನೀರನ್ನು ಬೇಸಿಗೆಯಲ್ಲಿ ಒಮ್ಮೆ ಪರೀಕ್ಷಿಸಿ ಮಳೆಗಾಲದಲ್ಲಿ ಬಿಟ್ಟಂತೆ, ಮೊದಲ ಪರೀಕ್ಷೆಯೊಂದನ್ನೇ ನಂಬುವುದು ಅರ್ಧ ಕೆಲಸ.

ಸಕ್ಕರೆ ಹೆಚ್ಚಿದೆಯೆಂದು ತಿಳಿದೊಡನೆ ಮೊದಲ ಚಿಕಿತ್ಸೆ ಆಹಾರ ಮತ್ತು ನಡಿಗೆ. ಉಪವಾಸ ಸಲ್ಲದು, ‘ಇಬ್ಬರಿಗಾಗುವಷ್ಟು’ ಉಣ್ಣುವುದೂ ಸಲ್ಲದು. ದಿನದ ಆಹಾರವನ್ನು ಮೂರು ಊಟ ಹಾಗೂ ಎರಡು ಮೂರು ಸಣ್ಣ ತಿಂಡಿಗಳಾಗಿ ಹಂಚಿಕೊಳ್ಳಬೇಕು. ತಟ್ಟೆಯಲ್ಲಿ ಅರ್ಧದಷ್ಟು ಸೊಪ್ಪು ತರಕಾರಿ, ಕಾಲು ಭಾಗ ಬೇಳೆ, ಕಾಳು, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಭಾಗ ಅನ್ನ, ಮುದ್ದೆ ಇಲ್ಲವೇ ರೊಟ್ಟಿ ಇದ್ದರೆ ಒಳ್ಳೆಯದು. ರಾಗಿ ಮತ್ತು ಜೋಳ ಉತ್ತಮ ಧಾನ್ಯಗಳೇ. ಆದರೆ ಅವೂ ಸಕ್ಕರೆಯಾಗುವಂಥವು, ಆದ್ದರಿಂದ ಅಳತೆ ಮುಖ್ಯ. ಬೆಲ್ಲ ಹಾಕಿದ ರಾಗಿ ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಬೆಲ್ಲ, ಜೇನುತುಪ್ಪಗಳು ಸಕ್ಕರೆಗಿಂತ ಬೇರೆ ಎಂಬ ನಂಬಿಕೆಗೆ ಆಧಾರವಿಲ್ಲ. ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಅರ್ಧ ಗಂಟೆಯ ನಡಿಗೆ ಹಿತ.

2017ರ ಅಕ್ಟೋಬರ್ 2ರಿಂದ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ, ಹಾಲು, ಮೊಟ್ಟೆ, ಕಡಲೆಕಾಯಿ ಚಿಕ್ಕಿಗಳನ್ನು ನೀಡುವ ಉದ್ದೇಶ ಹೊಂದಿದೆ. ಸಕ್ಕರೆ ಹೆಚ್ಚಿರುವ ಗರ್ಭಿಣಿ ಈ ಊಟವನ್ನು ಬಿಡಬೇಕಾಗಿಲ್ಲ. ಅನ್ನ ಕಡಿಮೆ, ಸಾಂಬಾರಿನ ತರಕಾರಿ ಮತ್ತು ಬೇಳೆ ಹೆಚ್ಚು, ಮೊಟ್ಟೆ ಖಂಡಿತ, ಬೆಲ್ಲದ ಚಿಕ್ಕಿ ಬೇಡ ಎಂಬಷ್ಟು ಬದಲಾವಣೆ ಸಾಕು. ಚಿಕ್ಕಿಯ ಬದಲು ಹುರಿದ ಕಡಲೆಬೀಜ ಕೊಡುವ ಅವಕಾಶದ ಬಗ್ಗೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೊಡನೆ ಪಂಚಾಯತಿಯು ಪತ್ರವ್ಯವಹಾರ ನಡೆಸಬಹುದು.

ಎರಡು ವಾರಗಳ ಆಹಾರಕ್ರಮದ ನಂತರವೂ ಊಟವಾದ ಎರಡು ಗಂಟೆಯ ಸಕ್ಕರೆ 120 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ವೈದ್ಯರು ಇನ್ಸುಲಿನ್ ಅಥವಾ ಮೆಟ್‌ಫಾರ್ಮಿನ್ ಮಾತ್ರೆ ಆರಂಭಿಸುತ್ತಾರೆ. ಬರಿಹೊಟ್ಟೆಯ ಸಕ್ಕರೆ 95ಕ್ಕಿಂತ ಕೆಳಗಿರಬೇಕೆಂಬುದು ಗುರಿ. ‘ಇನ್ಸುಲಿನ್ ಒಮ್ಮೆ ಹಿಡಿದರೆ ಜೀವಮಾನವಿಡೀ ಬಿಡುವುದಿಲ್ಲ’ ಎಂಬ ಮಾತು ಊರೂರಿನಲ್ಲಿದೆ. ಗರ್ಭಾವಧಿಯ ಮಧುಮೇಹವಿರುವ ಹೆಚ್ಚಿನವರಿಗೆ ಹೆರಿಗೆಯೊಡನೆ ಇನ್ಸುಲಿನ್ ನಿಲ್ಲುತ್ತದೆ. ಇನ್ಸುಲಿನ್ ಮಾಸನ್ನು ದಾಟುವುದಿಲ್ಲವಾದ್ದರಿಂದ ಮಗುವಿಗೆ ಅದರಿಂದ ಭಯವಿಲ್ಲ.

ಇನ್ಸುಲಿನ್ ತೆಗೆದುಕೊಳ್ಳುವ ಮನೆಯಲ್ಲಿ ಎಲ್ಲರಿಗೂ ತಿಳಿದಿರಬೇಕಾದ ಸಂಗತಿ, ಸಕ್ಕರೆ ಇಳಿದುಹೋಗುವುದು. ನಡುಕ, ಬೆವರು, ಎದೆಬಡಿತ, ತೀವ್ರ ಹಸಿವು, ಮಂಕು ಇದರ ಲಕ್ಷಣಗಳು. 70ಕ್ಕಿಂತ ಕೆಳಗಿಳಿದರೆ, ಅಳೆಯಲು ಯಂತ್ರವಿಲ್ಲದಿದ್ದರೆ ಲಕ್ಷಣ ಕಂಡೊಡನೆಯೇ, ಮೂರು ಚಮಚ ಗ್ಲೂಕೋಸ್ ಪುಡಿಯನ್ನು, ಅದಿಲ್ಲದಿದ್ದರೆ ಆರು ಚಮಚ ಸಕ್ಕರೆಯನ್ನು, ಒಂದು ಲೋಟ ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ನಿಮಿಷ ವಿಶ್ರಾಂತಿಯ ನಂತರ ಏನಾದರೂ ತಿನ್ನಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಬೇಕು. ಇನ್ಸುಲಿನ್ನನ್ನು ಫ್ರಿಜ್ಜಿನಲ್ಲಿ, ಮಂಜುಗಟ್ಟದ ಭಾಗದಲ್ಲಿ ಇಡಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ನೀರು ತಗುಲದಂತೆ ತಂಪಾದ ಮಣ್ಣಿನ ಮಡಕೆಯಲ್ಲಿ ಇಡುವುದು ರೂಢಿಯಲ್ಲಿರುವ ಉಪಾಯ.

4. ಮೂರನೆಯ ಸಂದು: ಗಂಡನ ಮನೆಯಿಂದ ತವರಿಗೆ

ಏಳನೆಯ ತಿಂಗಳ ಹೊತ್ತಿಗೆ ಸೀಮಂತ ಅಥವಾ ಕುಬಸದ ಕಾರ್ಯ ಮುಗಿಸಿ ಚೊಚ್ಚಲ ಬಸುರಿಯನ್ನು ತವರಿಗೆ ಕರೆದೊಯ್ಯುವುದು ನಾಡಿನ ಸಂಪ್ರದಾಯ. ಎರಡನೆಯ ಪರೀಕ್ಷೆಯ ಕಾಲವಾದ 24ರಿಂದ 28ನೆಯ ವಾರವೂ ಈ ದಿನಗಳ ಆಸುಪಾಸಿನಲ್ಲಿಯೇ ಬೀಳುತ್ತದೆ.

ಒಬ್ಬ ಗರ್ಭಿಣಿಯನ್ನು ಊಹಿಸಿಕೊಳ್ಳಬಹುದು. ಗಂಡನ ಊರಿನ ಆಶಾ ಕಾರ್ಯಕರ್ತೆ, ಎರಡನೆಯ ಪರೀಕ್ಷೆ ತವರಿನಲ್ಲಿ ಆಗುತ್ತದೆಂದು ತಿಳಿಯುತ್ತಾರೆ. ತವರಿನ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ. ಬಂದ ಸುದ್ದಿ ತಿಳಿಯುವಾಗ ಮೂವತ್ತೆರಡನೆಯ ವಾರ. ಆ ನಡುವೆ ಬಯಕೆಯ ಊಟ, ನೆಂಟರ ಮನೆಯ ಸಿಹಿ. ಯಾರ ಉದಾಸೀನವೂ ಇಲ್ಲದೆ ಪರೀಕ್ಷೆ ತಪ್ಪಿಹೋಯಿತು. ಈಗಾಗಲೇ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವಳಾದರೆ ಔಷಧದ ಸರಣಿಯೇ ತುಂಡಾಗುತ್ತದೆ.

ಇದಕ್ಕೆ ಬೇಕಾದುದು ಹಣವಲ್ಲ, ಒಂದು ದೂರವಾಣಿ ಕರೆ. ತವರಿಗೆ ಹೊರಡುವ ಮುನ್ನ ತಾಯಿ ಕಾರ್ಡ್, ಹಿಂದಿನ ಸಕ್ಕರೆಯ ಫಲಿತಾಂಶ ಮತ್ತು ಔಷಧಗಳು ಕೈಯಲ್ಲಿರಬೇಕು. ಹೊರಟ ದಿನವೇ ಒಂದು ಊರಿನ ಆಶಾ ಕಾರ್ಯಕರ್ತೆ ಇನ್ನೊಂದು ಊರಿನವರಿಗೆ ತಿಳಿಸಬೇಕು. ಹೆರಿಗೆಗೆಂದು ಊರಿಗೆ ಬಂದ ಮಗಳೂ ಊರಿನ ಗರ್ಭಿಣಿಯೇ ಎಂದು ಪಂಚಾಯತಿ ಭಾವಿಸಿದರೆ ಉಳಿದುದೆಲ್ಲ ಸುಲಭ. ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ. ತವರಿಗೆ ಬಂದವರನ್ನು ಮುಂದಿನ 9ನೆಯ ತಾರೀಖಿಗೆ ಕಳುಹಿಸುವುದು ಒಳ್ಳೆಯ ಪದ್ಧತಿ.

5. ಹೆರಿಗೆ ಮತ್ತು ಮಗು

ಸಕ್ಕರೆ ಹೆಚ್ಚಿದ್ದ ತಾಯಿಯ ಹೆರಿಗೆ ಎಲ್ಲಿ, ಯಾವಾಗ ಆಗಬೇಕೆಂಬುದನ್ನು ವೈದ್ಯರು ಮುಂಚಿತವಾಗಿ ನಿರ್ಧರಿಸಿರಬೇಕು. ಇನ್ಸುಲಿನ್ ಮೇಲಿದ್ದು ಹತೋಟಿ ಬಾರದವರಿಗೆ ತಜ್ಞರೂ ಶಸ್ತ್ರಚಿಕಿತ್ಸೆಯ ಸೌಲಭ್ಯವೂ ಇರುವ ಆಸ್ಪತ್ರೆಯೇ ಸೂಕ್ತ. ಹೊಕ್ಕುಳಬಳ್ಳಿ ಕತ್ತರಿಸಿದ ಕ್ಷಣ ತಾಯಿಯಿಂದ ಬರುತ್ತಿದ್ದ ಸಕ್ಕರೆ ನಿಲ್ಲುತ್ತದೆ. ಮಗುವಿನ ಮೈಯ ಹೆಚ್ಚುವರಿ ಇನ್ಸುಲಿನ್ ಉಳಿದಿರುತ್ತದೆ. ಆಗ ಮಗುವಿನ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಮತ್ತು ಮಗುವಿನ ರಕ್ತ ಪರೀಕ್ಷೆ ಇದಕ್ಕೆ ರಕ್ಷೆ. ಮೊದಲ ಹಾಲನ್ನು ಹಿಂಡಿ ಚೆಲ್ಲಿ, ಜೇನು ನೆಕ್ಕಿಸುವ ಪದ್ಧತಿ ಯಾವ ಮಗುವಿಗೂ ಸಲ್ಲದು. ಈ ಮಗುವಿಗಂತೂ ಸರ್ವಥಾ ಸಲ್ಲದು. ಮೊದಲಿನಿಂದಲೂ ಮಧುಮೇಹವಿರುವ ತಾಯಿಗೆ ಹೆರಿಗೆಯಾದೊಡನೆ ಇನ್ಸುಲಿನ್ ಬೇಕಾಗುವ ಪ್ರಮಾಣ ತಟ್ಟನೆ ಇಳಿಯುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸದೆ ವೈದ್ಯರು ತಿಳಿಸಿದಂತೆ ತಗ್ಗಿಸಬೇಕು.

6. ನಾಲ್ಕನೆಯ ಸಂದು: 42ನೆಯ ದಿನ

ಹೆರಿಗೆಯಾಯಿತು, ಸಕ್ಕರೆ ಇಳಿಯಿತು, ವಿಷಯ ಮುಗಿಯಿತು ಎಂದುಕೊಳ್ಳುವುದು ಸಹಜ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರನ್ನು ಐದು ವರ್ಷಗಳ ನಂತರ ಪರೀಕ್ಷಿಸಿದ ಅಧ್ಯಯನವೊಂದು ಬೇರೆಯದನ್ನೇ ಹೇಳುತ್ತದೆ. ಗರ್ಭಾವಧಿಯಲ್ಲಿ ಮಧುಮೇಹ ಕಂಡಿದ್ದವರಲ್ಲಿ ಶೇಕಡ 37ರಷ್ಟು ಮಂದಿಗೆ ಆ ಐದು ವರ್ಷಗಳಲ್ಲಿ ಮಧುಮೇಹ ಬಂದಿತ್ತು. ಉಳಿದ ತಾಯಂದಿರಲ್ಲಿ ಈ ಪ್ರಮಾಣ ಶೇಕಡ 2 ಮಾತ್ರ. ಆ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿಯೂ ಐದನೆಯ ವಯಸ್ಸಿಗೇ ಕೊಬ್ಬಿನ ಅಂಶ ಹೆಚ್ಚಿರುವುದು ಅಲ್ಲಿಯ ಅಧ್ಯಯನಗಳಲ್ಲಿ ಕಂಡಿತು.

ಆದುದರಿಂದ ಹೆರಿಗೆಯಾದ ಆರು ವಾರಕ್ಕೆ ತಾಯಿಗೆ ಮತ್ತೆ ಪರೀಕ್ಷೆಯಾಗಬೇಕು: ಬರಿಹೊಟ್ಟೆಯಲ್ಲಿ ಒಮ್ಮೆ, 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ ಮತ್ತೊಮ್ಮೆ. ಎರಡು ಗಂಟೆಯ ಫಲಿತಾಂಶ 140ಕ್ಕಿಂತ ಕೆಳಗಿದ್ದರೆ ಸರಿ, 200 ಅಥವಾ ಹೆಚ್ಚಿದ್ದರೆ ಮಧುಮೇಹ. ನಡುವೆ ಇದ್ದರೆ ಎಚ್ಚರಿಕೆಯ ಹಂತ. ಸರಿಯಿದ್ದರೂ ವರ್ಷಕ್ಕೊಮ್ಮೆ ಪರೀಕ್ಷೆ ಮುಂದುವರಿಯಬೇಕು.

ಈ ಪರೀಕ್ಷೆ ತಪ್ಪುವುದು ಬಾಣಂತನದ ಕೋಣೆಯಲ್ಲಿ. ಬಾಣಂತಿ ಹೊರಗೆ ಬರಬಾರದೆಂಬ ಕಟ್ಟು, ಮಗುವಿನ ಕಡೆಗೇ ಎಲ್ಲರ ಗಮನ. ಆದರೆ ಆರನೆಯ ವಾರಕ್ಕೆ ಎರಡು ಕೆಲಸಗಳು ಹೇಗೂ ನಡೆಯುತ್ತವೆ. ಆಶಾ ಕಾರ್ಯಕರ್ತೆಯ ನವಜಾತ ಶಿಶು ಭೇಟಿಗಳಲ್ಲಿ ಕೊನೆಯದು 42ನೆಯ ದಿನ. ಮಗುವಿನ ಪೆಂಟಾವೇಲೆಂಟ್ ಮೊದಲ ಲಸಿಕೆಯೂ ಆರನೆಯ ವಾರಕ್ಕೆ. ಮಗುವಿಗೆ ಲಸಿಕೆ ಹಾಕಿಸಲು ತಾಯಿ ಬರುವ ದಿನವೇ ತಾಯಿಯ ಸಕ್ಕರೆಯನ್ನೂ ನೋಡುವ ಏರ್ಪಾಡಾದರೆ ಪ್ರತ್ಯೇಕ ಪ್ರಯಾಣ ಬೇಕಿಲ್ಲ. ಹಿಂದಿನ ದಿನ ಆಶಾ ಕಾರ್ಯಕರ್ತೆ ಹೋಗಿ, ಬೆಳಿಗ್ಗೆ ಏನನ್ನೂ ತಿನ್ನದೆ ಬರಬೇಕೆಂದು ತಿಳಿಸಿದರೆ ಸಾಕು.

ಬಾಣಂತಿಯ ಆಹಾರದ ಬಗ್ಗೆಯೂ ಒಂದು ಮಾತು. ಅಂಟಿನ ಉಂಡೆ, ಮೆಂತ್ಯದ ಉಂಡೆ, ಕೊಬ್ಬರಿ ಬೆಲ್ಲ, ತುಪ್ಪ ಇವು ಹಿರಿಯರ ಅಕ್ಕರೆಯ ಗುರುತು. ಸಕ್ಕರೆ ಕಂಡಿದ್ದ ತಾಯಿಗೆ ಬೆಲ್ಲದ ಪಾಲು ತಗ್ಗಿಸಿ, ಬೇಳೆ, ಸೊಪ್ಪು, ಮೊಟ್ಟೆ, ಹಾಲುಗಳ ಪಾಲು ಹೆಚ್ಚಿಸಿದರೆ ಅಕ್ಕರೆಗೆ ಕೊರತೆಯಾಗುವುದಿಲ್ಲ. ಎದೆಹಾಲುಣಿಸುವುದು ತಾಯಿಗೂ ಮಗುವಿಗೂ ಹಿತ. ಮುಂದಿನ ಗರ್ಭದಲ್ಲಿ ಸಕ್ಕರೆ ಮರುಕಳಿಸುವ ಸಾಧ್ಯತೆ ಹೆಚ್ಚಿರುವುದರಿಂದ ಹೆರಿಗೆಗಳ ನಡುವೆ ಅಂತರವಿರಬೇಕು. ಮತ್ತೆ ಗರ್ಭ ಬಯಸುವಾಗ ಮೊದಲು ಪರೀಕ್ಷೆಯಾಗಬೇಕು. ಹೀಗೆ ‘ನಂತರ’ ಎಂಬುದೇ ಮುಂದಿನ ‘ಮುನ್ನ’ ಆಗುತ್ತದೆ.

7. ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಒಂದು: ಪಂಚಾಯತಿ ಮಟ್ಟದ ಕೆ.ಡಿ.ಪಿ. ಸಭೆಯಲ್ಲಿ ಆರೋಗ್ಯ ಇಲಾಖೆಯವರಿಂದ ಐದು ಸಂಖ್ಯೆಗಳನ್ನು ಕೇಳುವುದು. ನೋಂದಾಯಿತ ಗರ್ಭಿಣಿಯರೆಷ್ಟು, ಮೊದಲ ಸಕ್ಕರೆ ಪರೀಕ್ಷೆ ಆದವರೆಷ್ಟು, ಎರಡನೆಯದು ಆದವರೆಷ್ಟು, ಸಕ್ಕರೆ ಕಂಡವರೆಷ್ಟು, ಅವರಲ್ಲಿ ಆರನೆಯ ವಾರದ ಪರೀಕ್ಷೆ ಆದವರೆಷ್ಟು. ಒಂದು ಸಂಖ್ಯೆಗೂ ಮುಂದಿನದಕ್ಕೂ ಇರುವ ಅಂತರ ಸೋರಿಕೆಯ ಸ್ಥಳವನ್ನು ತೋರಿಸುತ್ತದೆ.

ಎರಡು: ಗ್ಲೂಕೋಸ್ ಪೊಟ್ಟಣ, ಗ್ಲೂಕೋಮೀಟರ್ ಪಟ್ಟಿಗಳು ಉಪಕೇಂದ್ರದಲ್ಲಿ ಇವೆಯೇ, ಪಟ್ಟಿಗಳ ಅವಧಿ ಮುಗಿದಿಲ್ಲವೇ ಎಂದು ವಿಚಾರಿಸುವುದು. ಪಟ್ಟಿಯಿಲ್ಲದ ಯಂತ್ರ ಮೋಟಾರಿಲ್ಲದ ಕೊಳವೆಬಾವಿಯಂತೆ. ಕೊರತೆಯಿದ್ದರೆ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಕ್ತ ನಿಧಿಯನ್ನು ನಿಯಮಾನುಸಾರ ಬಳಸುವ ಬಗ್ಗೆ ಸಮಿತಿಯಲ್ಲಿ ನಿರ್ಣಯವಾಗಬಹುದು.

ಮೂರು: ಗ್ಲೂಕೋಸ್ ಕುಡಿದ ಗರ್ಭಿಣಿ ಎರಡು ಗಂಟೆ ಕಾಯಬೇಕಾಗುತ್ತದೆ. ಆಕೆಗೆ ನೆರಳು, ಕುರ್ಚಿ, ಕುಡಿಯುವ ನೀರು, ಶುಚಿಯಾದ ಶೌಚಾಲಯ ಇರಬೇಕು. ಇವು ಪೂರ್ಣವಾಗಿ ಪಂಚಾಯತಿಯ ಕೈಯಲ್ಲಿರುವ ಕೆಲಸಗಳು. ಇವಿಲ್ಲದ ಕಡೆ ಅನೇಕರು ಪರೀಕ್ಷೆ ಮುಗಿಯುವ ಮೊದಲೇ ಬಸ್ಸು ಹತ್ತುತ್ತಾರೆ.

ನಾಲ್ಕು: ತವರಿಗೆ ಬಂದವರು, ತವರಿಗೆ ಹೋದವರು ಎಂಬ ಎರಡು ಅಂಕಣಗಳ ಪಟ್ಟಿಯನ್ನು ಆಶಾ ಕಾರ್ಯಕರ್ತೆಯರು ಇಡುವಂತೆ ಕೋರುವುದು.

ಐದು: ಗರ್ಭಾವಧಿಯ ಮಧುಮೇಹದ ಅರಿವಿನ ದಿನವಾಗಿ ಆಚರಿಸಲಾಗುವ ಮಾರ್ಚ್ 10ರ ಸುಮಾರಿಗೆ ಸ್ವಸಹಾಯ ಸಂಘಗಳ ಸಭೆ ಕರೆದು ಅತ್ತೆಯಂದಿರನ್ನೂ ಗಂಡಂದಿರನ್ನೂ ಕೂರಿಸಿ ಮಾತನಾಡುವುದು. ಮನೆಯ ಅಡುಗೆ ಬದಲಾಗಬೇಕಾದರೆ ಗರ್ಭಿಣಿಯೊಬ್ಬಳ ತಿಳಿವಳಿಕೆ ಸಾಲದು.

ಆರು: ಗೋಪ್ಯತೆ. ಗ್ರಾಮಸಭೆಯಲ್ಲಾಗಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಯಾವ ಹೆಣ್ಣುಮಗಳ ಹೆಸರನ್ನೂ ಹೇಳಬಾರದು. ಪಂಚಾಯತಿಗೆ ಸಂಖ್ಯೆ ಸಾಕು. ಹೆಸರು ಆರೋಗ್ಯ ಸಿಬ್ಬಂದಿಯ ಬಳಿ ಇದ್ದರೆ ಸಾಕು. ಒಂದು ಹೆಸರು ಹೊರಬಿದ್ದರೆ ಹತ್ತು ಮಂದಿ ಪರೀಕ್ಷೆಗೆ ಬರಲು ಹಿಂಜರಿಯುತ್ತಾರೆ.

ಮಾನ್ಯ ಸದಸ್ಯರೇ, ಈ ಆರು ಕ್ರಮಗಳಲ್ಲಿ ದೊಡ್ಡ ಅನುದಾನ ಬೇಡುವಂಥದು ಒಂದೂ ಇಲ್ಲ. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಮೇಲಿನ ಐದು ಸಂಖ್ಯೆಗಳ ವಿಷಯವನ್ನು ಸೇರಿಸಿ, ಅವುಗಳನ್ನು ಕೇಳುವ ಹೊಣೆಯನ್ನು ಒಬ್ಬ ಸದಸ್ಯರಿಗೆ ವಹಿಸಿದರೆ ಕೆಲಸ ಆರಂಭವಾದಂತೆ. ಸದಸ್ಯರೆಲ್ಲರೂ ಇದನ್ನು ಪರಿಶೀಲಿಸಬೇಕೆಂದು ವಿನಂತಿ.